ಸ್ಯಾಕ್ಸೊಫೋನಿಗೆ ಗುರು ಯಾರು?

ಶಿಕಾರಿಪುರ ತಾಲೂಕಿನ ತಾಳಗುಂದಕ್ಕೆ ಹೋದವರು ಪ್ರಣವೇಶ್ವರನ ಗುಡಿಯ ಮುಂದಿನ ಶಿಲಾಸ್ತಂಭವನ್ನು ನೋಡದೆ ಮರಳುವುದಿಲ್ಲ. ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯವೊಂದು ಅದರ ಮೇಲಿದೆ. ಮಯೂರಶರ್ಮನು ಗುರು ವೀರಶರ್ಮನೊಡನೆ ವೇದವಿದ್ಯೆಗಾಗಿ ಕಂಚಿಯ ಘಟಿಕೆಗೆ ಹೋದನು. ಅಲ್ಲಿ ಪಲ್ಲವರ ರಾವುತನೊಡನೆ ಕಲಹವಾಯಿತು. ದರ್ಭೆ ಸಮಿತ್ತುಗಳಿಗೆ ಪಳಗಿದ್ದ ಕೈ ಖಡ್ಗವನ್ನು ಹಿಡಿಯಿತು. ಗುರುವಿನಿಂದ ಪಡೆದುದೊಂದು, ಕೈಯಲ್ಲಿ ಹಿಡಿದುದು ಇನ್ನೊಂದು!

ನಮ್ಮ ಕಾಲದಲ್ಲಿಯೂ ಕರ್ನಾಟಕದವರೊಬ್ಬರು ವಿದ್ಯೆಯನ್ನರಸಿ ಅದೇ ತಮಿಳು ಸೀಮೆಗೆ ಹೋದರು. ಅವರ ಕೈಯಲ್ಲಿದ್ದುದು ಕತ್ತಿಯಲ್ಲ, ಸ್ಯಾಕ್ಸೊಫೋನ್. ಅವರೇ ಕದ್ರಿ ಗೋಪಾಲನಾಥರು.

ಬೆಲ್ಜಿಯಮಿನ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಈ ಹಿತ್ತಾಳೆಯ ವಾದ್ಯ ಸೈನ್ಯದ ಬ್ಯಾಂಡುಗಳಲ್ಲಿ ಬೆಳೆದು, ಅಮೆರಿಕದ ಜಾಸ್ ಸಂಗೀತದಲ್ಲಿ ಕೀರ್ತಿ ಪಡೆಯಿತು. ನಮ್ಮಲ್ಲಿ ಅದು ಮೈಸೂರು ಅರಮನೆಯ ಬ್ಯಾಂಡಿನಲ್ಲಿತ್ತು. ಬಂಟ್ವಾಳ ತಾಲೂಕಿನ ಸಜಿಪ ಮೂಡದಲ್ಲಿ 1949ರಲ್ಲಿ ಹುಟ್ಟಿ, ನಾಗಸ್ವರ ವಿದ್ವಾಂಸರಾದ ತಂದೆ ತನಿಯಪ್ಪನವರ ಬಳಿ ಅಭ್ಯಾಸ ಮಾಡುತ್ತಿದ್ದ ಹುಡುಗ ಆ ಬ್ಯಾಂಡಿನ ಸ್ಯಾಕ್ಸೊಫೋನನ್ನು ಕೇಳಿ ಮನಸೋತನು.

ಆದರೆ ಕಲಿಸುವವರಾರು? ಕರ್ನಾಟಕ ಸಂಗೀತವನ್ನು ಈ ವಾದ್ಯದಲ್ಲಿ ನುಡಿಸಿ ತೋರಿಸಬಲ್ಲ ಆಚಾರ್ಯರಿರಲಿಲ್ಲ. ನಾಗಸ್ವರದಲ್ಲಿ ಬೆರಳೇ ರಂಧ್ರವನ್ನು ಮುಚ್ಚುತ್ತದೆ; ಬೆರಳನ್ನು ಅರೆ ಸರಿಸಿದರೆ ಸ್ವರ ಜಾರುತ್ತದೆ, ಗಮಕ ಹುಟ್ಟುತ್ತದೆ. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ. ಸ್ವರಗಳು ಮೆಟ್ಟಿಲಿನಂತೆ ಒಂದೊಂದಾಗಿ ನಿಲ್ಲುತ್ತವೆ. ತೋಡಿಯ ಗಾಂಧಾರವನ್ನು ಮೆಟ್ಟಿಲ ಮೇಲೆ ನಿಲ್ಲಿಸಿದರೆ ಅದು ತೋಡಿಯಾದೀತೆ? ಆ ತೂಗಾಟವನ್ನು ತುಟಿಯಿಂದಲೂ ಉಸಿರಿನಿಂದಲೂ ತರಬೇಕಾಯಿತು.

ಗೋಪಾಲನಾಥರು ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಬಳಿಕ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಶಿಷ್ಯವೃತ್ತಿ ಮಾಡಿದರು. ಟಿ. ವಿ. ಗೋಪಾಲಕೃಷ್ಣನ್ ಗಾಯಕರು, ಮೃದಂಗ ವಿದ್ವಾಂಸರು. ಶಿಷ್ಯನು ಅವರಲ್ಲಿ ಕಲಿತುದು ಕೀಲಿಗಳ ವಿದ್ಯೆಯನ್ನಲ್ಲ, ಸಂಗೀತವನ್ನು. ಹಾಡನ್ನು ವಾದ್ಯಕ್ಕೆ ಒಗ್ಗಿಸುವ ದುಡಿಮೆ ಮಾತ್ರ ತನ್ನದೇ.

1980ರಲ್ಲಿ ಮುಂಬಯಿಯ ಜಾಸ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಇವರ ವಾದನವನ್ನು ಕೇಳಿ, ಇವರೊಡನೆ ತಾವೂ ವೇದಿಕೆಯಲ್ಲಿ ನುಡಿಸಿದರು. ಜಾಸ್ ವಾದಕರು ಸ್ವರಮೇಳಗಳ ಸರಣಿಯೊಂದನ್ನು ಆಧಾರವಾಗಿಟ್ಟುಕೊಂಡು ಆ ಕ್ಷಣದಲ್ಲಿ ಹೊಸ ರಾಗರೇಖೆ ಕಟ್ಟುತ್ತಾರೆ. ನಮ್ಮವರು ರಾಗ, ತಾಳಗಳ ಕಟ್ಟಿನೊಳಗೆ ಆಲಾಪನೆ, ನೆರವಲ್, ಕಲ್ಪನಾಸ್ವರಗಳನ್ನು ಹೆಣೆಯುತ್ತಾರೆ. ನಾವು ಮನೋಧರ್ಮವೆನ್ನುವುದು ಇದನ್ನೇ. ದಾರಿ ಎರಡಾದರೂ ಮೊದಲು ಕಟ್ಟನ್ನು ಕಲಿಯದವನಿಗೆ ಸ್ವಾತಂತ್ರ್ಯವಿಲ್ಲವೆಂಬ ನಿಯಮ ಎರಡಕ್ಕೂ ಒಂದೇ.

1994ರಲ್ಲಿ ಗೋಪಾಲನಾಥರು ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂದಿತು. ಆದರೆ ಇವೆಲ್ಲಕ್ಕಿಂತ ಸೊಗಸಾದ ಸಂಗತಿ ಬೇರೊಂದಿದೆ. ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಜಾಸ್ ವಾದಕ ರುದ್ರೇಶ್ ಮಹಂತಪ್ಪ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ, ಅಣ್ಣ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟರಂತೆ. ತಮಾಷೆ ಜಿಜ್ಞಾಸೆಯಾಯಿತು. ಮುಂದೆ ಅವರು ಭಾರತಕ್ಕೆ ಬಂದು ಗೋಪಾಲನಾಥರ ಬಳಿ ಕುಳಿತು ಕಲಿತರು. 2008ರಲ್ಲಿ ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಹೊರಬಂದಿತು. ಹೆಸರಿನ ಅರ್ಥ ಬಂಧುಗಳು ಎಂದು. ಸ್ಯಾಕ್ಸೊಫೋನಿನ ಗುರುವಿಲ್ಲದೆ ಕಲಿತವರ ಬಳಿಗೆ ಸ್ಯಾಕ್ಸೊಫೋನಿನ ನಾಡಿನಿಂದಲೇ ಶಿಷ್ಯ ಬಂದಂತಾಯಿತು!

2019ರ ಅಕ್ಟೋಬರ್ 11ರಂದು ಗೋಪಾಲನಾಥರು ಮಂಗಳೂರಿನಲ್ಲಿ ತೀರಿಕೊಂಡರು. ವಾದ್ಯ ಪರದೇಶದ್ದೆಂದು ಮೂಗು ಮುರಿಯುವವರು ಇಂದಿಗೂ ಉಂಟು; ಪಿಟೀಲೂ ಹಾಗೆಯೇ ಬಂದುದೆಂಬುದನ್ನು ಅವರು ಮರೆಯುತ್ತಾರೆ. ಕೈಯಲ್ಲಿ ಏನಿದೆಯೆಂಬುದಕ್ಕಿಂತ, ಆ ಕೈ ಯಾರ ಮುಂದೆ ಕುಳಿತು ಪಳಗಿತೆಂಬುದು ಮುಖ್ಯ. ತಾಳಗುಂದದ ಕಲ್ಲು ಮಯೂರಶರ್ಮನ ಖಡ್ಗಕ್ಕಿಂತ ಮೊದಲು ಅವನ ಗುರುವಿನ ಹೆಸರನ್ನು ಹೇಳುವುದು ಸುಮ್ಮನೆ ಅಲ್ಲ.