ಕೋವಿಯ ಮೇಲಣ ಹೆಸರು

ಮದರಾಸಿನ ಮೌಂಟ್ ರಸ್ತೆಯ ಪಿ. ಓರ್ ಅಂಡ್ ಸನ್ಸ್ ಎಂಬ ಅಂಗಡಿಯು ಗಡಿಯಾರಗಳಿಗೂ ಬೆಳ್ಳಿಯ ಸಾಮಾನುಗಳಿಗೂ ದಕ್ಷಿಣದೇಶದಲ್ಲೆಲ್ಲ ಹೆಸರಾದುದು. ಅದೇ ಅಂಗಡಿಯ ಹೆಸರನ್ನು ಅಂದವಾಗಿ ಕೆತ್ತಿದ ಬೇಟೆಯ ಕೋವಿಗಳು ಈಗಲೂ ಹಳೆಯ ಆಯುಧಗಳ ಹರಾಜುಗಳಲ್ಲಿ ಆಗಾಗ ಕಾಣಬರುವುದುಂಟು. ಗಡಿಯಾರದ ಅಂಗಡಿಯವರು ಕುಲುಮೆಯ ಮುಂದೆ ಕುಳಿತು ಕೋವಿಯನ್ನು ಮಾಡಿದರೆಂದು ಯಾರೂ ನಂಬಲಾರರು. ಆದರೂ ಹೆಸರು ಅವರದೇ. ಇಂಗ್ಲೆಂಡಿನ ಸಣ್ಣ ಪಟ್ಟಣಗಳ ಎಷ್ಟೋ ಅಂಗಡಿಗಳ ಹೆಸರುಗಳು ಹೀಗೆಯೇ ಕೋವಿಗಳ ಮೇಲೆ ಉಳಿದುಬಂದಿವೆ. ಒಂದು ಕಾಲದಲ್ಲಿ ಆ ಹೆಸರಿಗೆ, ಇದನ್ನು ಮಾಡಿದವನು ಇವನು ಎಂಬ ಅರ್ಥವಿದ್ದಿತು. ಬರಬರುತ್ತ, ಇದನ್ನು ಮಾರಿದವನು ಇವನು ಎಂಬಷ್ಟೇ ಅರ್ಥ ನಿಂತಿತು. ಈ ಮಾರ್ಪಾಡು ವರ್ತಕನ ಇಚ್ಛೆಯಿಂದ ಆದುದಲ್ಲ. ಕೋವಿಯನ್ನು ಮಾಡುವ ಕ್ರಮವೇ ಬೇರೆಯಾದುದರ ಫಲವದು.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಕೋವಿಗಾರನು ಬಹುಮಟ್ಟಿಗೆ ದರ್ಜಿಯಂತಿದ್ದನು. ಗಿರಾಕಿಯ ತೋಳಿನ ಉದ್ದ, ಹೆಗಲಿನ ಅಗಲ, ಕತ್ತಿನ ಎತ್ತರಗಳನ್ನು ಅಳೆದು, ಅದಕ್ಕೊಪ್ಪುವಂತೆ ಮರದ ಹಿಡಿಯನ್ನು ಕಡೆದು, ನಳಿಗೆಗಳನ್ನು ಹೊಂದಿಸಿ, ತಾನೇ ಹೊಡೆದು ನೋಡಿ ಕೊಡುತ್ತಿದ್ದನು. ಒರಟು ನಳಿಗೆಯನ್ನೂ ಕುದುರೆಯ ಭಾಗಗಳನ್ನೂ ಬರ್ಮಿಂಗ್‌ಹ್ಯಾಮಿನ ಕಡೆಯಿಂದ ತರಿಸಿಕೊಳ್ಳುವ ರೂಢಿ ಆಗಲೇ ಇದ್ದಿತಾದರೂ, ಅವುಗಳನ್ನು ಕೋವಿಯನ್ನಾಗಿ ಮಾಡುವ ಕೈ ಅವನದೇ ಆಗಿತ್ತು. ಈ ಕುಶಲಿಗಳಲ್ಲಿ ಅಗ್ರಗಣ್ಯನಾದವನು ಲಂಡನ್ನಿನ ಜೋಸೆಫ್ ಮ್ಯಾಂಟನ್. ಅವನ ಕಾರ್ಯಾಗಾರದಲ್ಲಿ ಕೆಲಸ ಕಲಿತವರಲ್ಲಿ ಜೇಮ್ಸ್ ಪರ್ಡಿಯು ೧೮೧೪ರಲ್ಲಿ ಸ್ವಂತ ಅಂಗಡಿಯನ್ನು ತೆರೆದು ಗುರುವನ್ನೂ ಮೀರಿಸುವಷ್ಟು ಕೀರ್ತಿವಂತನಾದನು. ಗುರುವಾದರೋ ೧೮೨೬ರಲ್ಲಿ ದಿವಾಳಿಯೆದ್ದನು. ಕೈಚಳಕವೂ ವ್ಯಾಪಾರದ ಜಾಣ್ಮೆಯೂ ಒಂದೇ ಮನೆಯಲ್ಲಿ ಬಾಳುವುದು ಅಪರೂಪ.

ಆ ಕಾಲದಲ್ಲಿ ಹೊಸ ಶೋಧಗಳು ಬರಲಿಲ್ಲವೆಂದಲ್ಲ. ಚಕಮಕಿ ಕಲ್ಲಿನ ಕೋವಿಯಲ್ಲಿ ಕಿಡಿಯ ಮಿಂಚು ಮೊದಲು, ಈಡು ಆಮೇಲೆ; ಮಿಂಚನ್ನು ಕಂಡೇ ಹಕ್ಕಿ ಎಚ್ಚರಗೊಳ್ಳುತ್ತಿದ್ದಿತು. ಇದರಿಂದ ಬೇಸತ್ತ ಅಲೆಗ್ಸಾಂಡರ್ ಫಾರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು ಪೆಟ್ಟಿನಿಂದ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿ ೧೮೦೭ರಲ್ಲಿ ಪೇಟೆಂಟು ಪಡೆದನು. ನಮ್ಮ ಮಲೆನಾಡಿನವರು ಕೇಪಿನ ಕೋವಿ ಎಂದು ಕರೆಯುವುದರ ಮೂಲ ಇದೇ. ಆದರೆ ಈ ಬದಲಾವಣೆಯಿಂದ ಪಟ್ಟಣದ ಕೋವಿಗಾರನಿಗೆ ನಷ್ಟವಾಗಲಿಲ್ಲ, ಲಾಭವೇ ಆಯಿತು. ಹಳೆಯ ಕಲ್ಲಿನ ಕೋವಿಯನ್ನು ಹೊತ್ತು ತಂದವನಿಗೆ ಅದನ್ನೇ ತಿದ್ದಿ ಕೇಪಿನ ಕೋವಿಯಾಗಿ ಮಾಡಿಕೊಡುವುದು ಅವನ ಅರದ ಅಳವಿನಲ್ಲಿಯೇ ಇದ್ದ ಕೆಲಸ.

ಅವನ ಅಳವನ್ನು ಮೀರಿದ ಬದಲಾವಣೆ ಬಂದುದು ಫ್ರಾನ್ಸಿನಿಂದ. ೧೮೫೧ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಪ್ಯಾರಿಸಿನ ಲೆಫೋಷೆಯ ಕೋವಿಯನ್ನು ಜನರು ಕಂಡರು. ಅದರ ನಳಿಗೆಗಳು ಕೀಲಿನ ಮೇಲೆ ಕೆಳಕ್ಕೆ ಬಾಗುತ್ತಿದ್ದವು. ಮದ್ದು, ಚರೆ, ಸಿಡಿಕೇಪು ಮೂರೂ ಒಂದರಲ್ಲೇ ಅಡಗಿದ ತೋಟೆಯನ್ನು ಹಿಂಬದಿಯಿಂದ ಸೇರಿಸಿ ಮುಚ್ಚಿದರೆ ಕೋವಿ ಸಿದ್ಧ. ಬಾಯಿಂದ ಮದ್ದು ಸುರಿದು, ಚರೆ ಹಾಕಿ, ಕೋಲಿನಿಂದ ಜಡಿಯುವ ಸಾಹಸ ತಪ್ಪಿತು. ಲಂಡನ್ನಿನ ಜೋಸೆಫ್ ಲ್ಯಾಂಗ್ ಎಂಬ ಕೋವಿಗಾರನು ಬೇಗನೆ ಅದನ್ನು ಅನುಕರಿಸಿದನು. ಬಹುಮಂದಿ ಬೇಟೆಗಾರರು ಮೂಗು ಮುರಿದರು. ಕೀಲಿರುವ ಕೋವಿ ಬಲಹೀನವೆಂದರು. 'ದಿ ಫೀಲ್ಡ್' ಎಂಬ ವಾರಪತ್ರಿಕೆಯವರು ೧೮೫೮ರಲ್ಲಿಯೂ ಮರುವರ್ಷವೂ ಎರಡು ಬಗೆಯ ಕೋವಿಗಳನ್ನೂ ಎದುರುಬದುರು ನಿಲ್ಲಿಸಿ ಪರೀಕ್ಷೆ ನಡೆಯಿಸಿದರು. ಹಳೆಯದು ಬಲದಲ್ಲಿ ತುಸು ಮೇಲಾದರೂ ಹೊಸದು ಬಹಳ ಹಿಂದೇನೂ ಬೀಳಲಿಲ್ಲ. ಹಕ್ಕಿಗಳನ್ನು ಆಳುಗಳಿಂದ ಅಟ್ಟಿಸಿ ಸಾಲಾಗಿ ನಿಂತು ಹೊಡೆಯುವ ಬೇಟೆ ಶ್ರೀಮಂತರಲ್ಲಿ ಹಬ್ಬುತ್ತಿದ್ದ ಕಾಲವದು. ಅಂತಹ ಬೇಟೆಗೆ ಬಲಕ್ಕಿಂತ ವೇಗವೇ ಮುಖ್ಯವಾದ್ದರಿಂದ ವಾದವು ತಾನಾಗಿಯೇ ಮುಗಿಯಿತು.

ಪಟ್ಟಣದ ಕೋವಿಗಾರನ ಪಾಡು ಇಲ್ಲಿಂದ ಮುಂದೆ ಬೇರೆಯಾಯಿತು. ಬಾಗುವ ಕೋವಿಯಲ್ಲಿ ನಳಿಗೆಯ ಹಿಂತುದಿಯೂ ಅದಕ್ಕೆ ಎದುರಾದ ಉಕ್ಕಿನ ಮುಖವೂ ಕೂದಲೆಳೆಯೂ ನುಸುಳದಂತೆ ಕೂಡಬೇಕು. ಸಾವಿರಾರು ಈಡುಗಳಾದ ಮೇಲೂ ಸಡಿಲವಾಗಬಾರದು. ಅದಕ್ಕೆ ಬೇಕಾದ ಯಂತ್ರಗಳಾಗಲಿ, ಅದೊಂದನ್ನೇ ಜೀವಮಾನವೆಲ್ಲ ಮಾಡಿ ಪಳಗಿದ ಆಳಾಗಲಿ ಅವನಲ್ಲಿರಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಎರಡೂ ಇದ್ದವು. ಅಲ್ಲಿ ಸೇಂಟ್ ಮೇರಿ ದೇವಾಲಯದ ಸುತ್ತಣ ಬೀದಿಗಳಿಗೆ ಕೋವಿಯವರ ಕೇರಿ ಎಂದೇ ಹೆಸರು. ನಳಿಗೆ ಬೆಸೆಯುವವನು ಒಂದು ಮನೆಯಲ್ಲಿ, ಕೊರೆಯುವವನು ಇನ್ನೊಂದರಲ್ಲಿ, ಕುದುರೆಗೆ ಅರ ಹಾಕುವವನು ಮತ್ತೊಂದರಲ್ಲಿ. ಹಿಡಿ ಕೂಡಿಸುವವನು, ಚಿತ್ತಾರ ಕೆತ್ತುವವನು, ಬಣ್ಣ ಏರಿಸುವವನು ಬೇರೆಬೇರೆ. ಅರ್ಧವಾದ ಕೋವಿಗಳನ್ನು ಹೆಗಲ ಮೇಲೆ ಹೊತ್ತು ಹುಡುಗರು ಮನೆಯಿಂದ ಮನೆಗೆ ಓಡಾಡುತ್ತಿದ್ದರು. ಕೊನೆಗೆ ಎಲ್ಲವೂ ೧೮೧೩ರ ಪಾರ್ಲಿಮೆಂಟಿನ ಶಾಸನದಂತೆ ಸ್ಥಾಪಿತವಾದ ಪರೀಕ್ಷಾಗೃಹಕ್ಕೆ ಹೋಗಿ, ಹೆಚ್ಚಿನ ಮದ್ದಿನ ಹೊಡೆತವನ್ನು ತಡೆದು, ಮುದ್ರೆ ಹಾಕಿಸಿಕೊಂಡು ಬರಬೇಕು. ಹೀಗೆ ಸಿದ್ಧವಾದ ಕೋವಿಗಳಲ್ಲಿ ಎರಡು ನಳಿಗೆಗಳ ನಡುವಣ ಪಟ್ಟಿಯನ್ನು ಅನೇಕ ವೇಳೆ ಬರಿದಾಗಿ ಬಿಡುತ್ತಿದ್ದರು. ಕೊಳ್ಳುವ ವರ್ತಕನ ಹೆಸರಿಗೆ ಕಾದಿಟ್ಟ ಜಾಗವದು.

ಇದನ್ನು ವಂಚನೆಯೆಂದು ಜರೆಯುವುದು ಸುಲಭ, ನ್ಯಾಯವಾಗಲಾರದು. ಗಿರಾಕಿಯ ಮೈಗೆ ಹೊಂದುವಂತೆ ಹಿಡಿಯನ್ನು ಬಾಗಿಸುವುದು, ಮುರಿದುದನ್ನು ರಿಪೇರಿ ಮಾಡುವುದು, ಬೇಟೆಯ ಕಾಲ ಮುಗಿದೊಡನೆ ಬಿಚ್ಚಿ ಎಣ್ಣೆ ಹಾಕಿ ಇಡುವುದು ಇವೆಲ್ಲ ವರ್ತಕನ ಹೊಣೆಯಾಗಿಯೇ ಉಳಿದವು. ಕೋವಿ ಕೆಟ್ಟರೆ ಬೈಗುಳವನ್ನು ಕೇಳಬೇಕಾದವನೂ ಹೆಸರು ಕೆತ್ತಿಸಿದವನೇ. ಆದರೆ ಮಗನಿಗೆ ಕಲಿಸುವುದಕ್ಕೆ ಅಂಗಡಿಯಲ್ಲಿ ಮೊದಲಿನಷ್ಟು ವಿದ್ಯೆ ಉಳಿಯಲಿಲ್ಲ.

೧೮೭೫ರಲ್ಲಿ ವೆಸ್ಟ್ಲಿ ರಿಚರ್ಡ್ಸ್ ಕಂಪೆನಿಯ ವಿಲಿಯಂ ಆನ್ಸನ್ ಮತ್ತು ಜಾನ್ ಡೀಲಿ ಎಂಬವರು ಹೊರಗೆ ಕುದುರೆಯೇ ಕಾಣದ ಕೋವಿಗೆ ಪೇಟೆಂಟು ಪಡೆದರು. ನಳಿಗೆಯನ್ನು ಬಾಗಿಸಿದರೆ ಒಳಗಿನ ಕುದುರೆ ತಾನೇ ಏರುವ ಈ ಯಂತ್ರದಲ್ಲಿ ಬಿಡಿಭಾಗಗಳು ಬಹಳ ಕಡಿಮೆ. ಮಾಡುವುದಕ್ಕೆ ಅಗ್ಗ, ಕೆಡುವುದು ಅಪರೂಪ. ಪೇಟೆಂಟಿನ ಹದಿನಾಲ್ಕು ವರ್ಷಗಳು ಕಳೆಯುತ್ತಲೇ ಬರ್ಮಿಂಗ್‌ಹ್ಯಾಮಿನವರೆಲ್ಲ ಅದನ್ನೇ ಮಾಡತೊಡಗಿದರು. ೧೮೯೭ರಲ್ಲಿ ಒಂದುಗೂಡಿದ ವೆಬ್ಲಿ ಅಂಡ್ ಸ್ಕಾಟ್ ಕಂಪೆನಿಯು ಅಂತಹ ಕೋವಿಗಳನ್ನು ದೇಶದ ನಾನಾ ವರ್ತಕರ ಹೆಸರಿನಲ್ಲಿ ಮಾಡಿ ಒದಗಿಸುತ್ತಿದ್ದಿತು. ಇದರ ಜೊತೆಯಲ್ಲಿಯೇ ಹೊಗೆಯಿಲ್ಲದ ಮದ್ದು ಬಂದಿತು; ಅದರ ಒತ್ತಡಕ್ಕೆಂದು ಪರೀಕ್ಷೆಯಾಗದ ಹಳೆಯ ನಳಿಗೆಗಳಲ್ಲಿ ಅದನ್ನು ಸುಡುವುದು ಅಪಾಯ. ಹೀಗಾಗಿ ವರ್ತಕನ ಗೋಡೆಯ ಮೇಲೆ ತೂಗುತ್ತಿದ್ದ ಸರಕು ಒಂದು ತಲೆಮಾರಿನೊಳಗೆ ಮೂರು ಸಲ ಹಳತಾಯಿತು. ಅಜ್ಜ ಕೊಂಡ ಕೋವಿಯನ್ನು ಮೊಮ್ಮಗ ಹೊರುತ್ತಿದ್ದ ಕಾಲದಲ್ಲಿ ಇಂತಹ ಭಯವಿರಲಿಲ್ಲ.

ಕೈತಪ್ಪಿದ ವಿದ್ಯೆಗೆ ಬದಲಾಗಿ ವರ್ತಕನಿಗೆ ಸಿಕ್ಕಿದುದು ತೋಟೆಯ ವ್ಯಾಪಾರ. ಈಲಿಯವರೂ ಕೈನಾಕ್‌ನವರೂ ಬರಿಯ ಕಾಗದದ ತೋಟೆಗಳನ್ನು ಮಾಡಿ, ಬೇಕೆಂದವರಿಗೆ ಅವರ ಹೆಸರನ್ನೇ ಅಚ್ಚುಹಾಕಿ ಕಳುಹಿಸುತ್ತಿದ್ದರು. ಅಂಗಡಿಯ ಹಿಂದಣ ಕೋಣೆಯಲ್ಲಿ ಮದ್ದು ಚರೆಗಳನ್ನು ಅಳೆದು ತುಂಬಿ, ಬಾಯಿ ಮಡಿಸಿದರೆ ಅದು ಆ ವರ್ತಕನ ತೋಟೆ. ಕೋವಿಯನ್ನು ಗಿರಾಕಿ ಒಮ್ಮೆ ಕೊಂಡಾನು, ತೋಟೆಯನ್ನು ಪ್ರತಿವರ್ಷವೂ ಕೊಳ್ಳಲೇಬೇಕು. ಆದರೆ ತೋಟೆ ತುಂಬುವುದಕ್ಕೆ ಕೋವಿಗಾರನೇ ಬೇಕೆಂದಿಲ್ಲವಷ್ಟೆ. ಕಬ್ಬಿಣದ ಸಾಮಾನಿನ ಅಂಗಡಿಯವನೂ ತನ್ನ ಹೆಸರಿನ ತೋಟೆಗಳನ್ನು ಮಾರತೊಡಗಿದನು. ಮೊದಲ ಮಹಾಯುದ್ಧದ ಅನಂತರ ತೋಟೆಯ ಕಾರ್ಖಾನೆಗಳು ನೊಬೆಲ್ ಸಂಸ್ಥೆಯಲ್ಲಿ ಸೇರಿ, ೧೯೨೬ರಲ್ಲಿ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಎಂಬ ಮಹಾಸಂಸ್ಥೆಯ ಅಂಗವಾದವು. ಹಿಂದಣ ಕೋಣೆಯ ಕೆಲಸವೂ ಕ್ರಮೇಣ ನಿಂತಿತು.

ಹಿಂದೂಸ್ಥಾನಕ್ಕೆ ಹೊರಟ ಅಧಿಕಾರಿಗಳು ಹೊಸ ಬಗೆಯ ಅಂಗಡಿಯೊಂದಕ್ಕೆ ಗಿರಾಕಿಗಳಾದರು. ೧೮೭೧ರಲ್ಲಿ ಸ್ಥಾಪಿತವಾದ ಆರ್ಮಿ ಅಂಡ್ ನೇವಿ ಸಹಕಾರ ಸಂಘವು ಗುಂಡುಸೂಜಿಯಿಂದ ಹಿಡಿದು ಆನೆಯ ಬೇಟೆಯ ರೈಫಲ್ಲಿನವರೆಗೆ ಎಲ್ಲವನ್ನೂ ಬೆಲೆಪಟ್ಟಿಯಲ್ಲಿ ಕಾಣಿಸಿ ಮಾರುತ್ತಿದ್ದಿತು. ೧೮೯೧ರಲ್ಲಿ ಮುಂಬಯಿಯಲ್ಲಿಯೂ ೧೯೦೧ರಲ್ಲಿ ಕಲ್ಕತ್ತೆಯಲ್ಲಿಯೂ ಶಾಖೆಗಳನ್ನು ತೆರೆಯಿತು. ಕಲ್ಕತ್ತೆಯ ಮ್ಯಾಂಟನ್, ರಾಡ್ಡಾ ಮೊದಲಾದ ಕಂಪೆನಿಗಳು ಇದರೊಡನೆ ಸ್ಪರ್ಧಿಸಬೇಕಾಯಿತು. ಗಿರಾಕಿಗಳ ಸಂಖ್ಯೆಯನ್ನೋ ೧೮೭೮ರ ಆಯುಧಶಾಸನವು ಮೊದಲೇ ಮೊಟಕುಗೊಳಿಸಿದ್ದಿತು. ಯೂರೋಪಿಯನರಿಗಿದ್ದ ವಿನಾಯಿತಿ ದೇಶೀಯರಿಗೆ ಸಾಮಾನ್ಯವಾಗಿ ಇರಲಿಲ್ಲ. ೧೮೬೧ರಷ್ಟು ಹಿಂದೆಯೇ ಕಮಿಷನರ್ ಮಾರ್ಕ್ ಕಬ್ಬನ್ನರಿಂದ ವಿನಾಯಿತಿ ಪಡೆದ ಕೊಡವರದು ಮಾತ್ರ ವಿಶೇಷ. ಕೈಲ್‌ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಆ ಮನೆಗಳಲ್ಲಿ ಕೋವಿಯು ಸರಕಲ್ಲ, ಮನೆತನದ ಆಸ್ತಿ.

ತಯಾರಿಕೆಯ ಬದಲಾವಣೆಯೊಂದು ವರ್ತಕನನ್ನು ಹೇಗೆ ಕಂಗೆಡಿಸಬಲ್ಲುದೆಂಬುದಕ್ಕೆ ಹಿಂದೂಸ್ಥಾನದ್ದೇ ಆದ ನಿದರ್ಶನವೊಂದಿದೆ. ೧೮೯೮ರಲ್ಲಿ ಲಂಡನ್ನಿನ ಜಾನ್ ರಿಗ್ಬಿ ಕಂಪೆನಿಯು ಹೊಗೆಯಿಲ್ಲದ ಮದ್ದನ್ನು ಬಳಸಿ, ಅಂಗುಲದ ಸಾವಿರದಲ್ಲಿ ೪೫೦ ಪಾಲು ಅಗಲದ ಗುಂಡನ್ನು ಹಾರಿಸುವ ರೈಫಲ್ಲನ್ನು ಹೊರತಂದಿತು. ಆನೆ, ಕಾಟಿ, ಹುಲಿಗಳ ಬೇಟೆಗೆ ಇದಕ್ಕಿಂತ ನೆಚ್ಚಿನದು ಇಲ್ಲವೆಂದು ಹೆಸರಾಯಿತು. ಇತರ ಕಂಪೆನಿಗಳೂ ಅದೇ ಅಳತೆಯನ್ನು ಹಿಡಿದವು. ಆದರೆ ಸೈನ್ಯದ ಹಳೆಯ ಮಾರ್ಟಿನಿ ಹೆನ್ರಿ ಬಂದೂಕದ ನಳಿಗೆಯೂ ಅದೇ ಅಳತೆಯದು. ಬೇಟೆಯ ತೋಟೆಯ ಗುಂಡುಗಳನ್ನು ಕಿತ್ತು ಆ ಬಂದೂಕಗಳಿಗೆ ಬಳಸಿಯಾರೆಂದು ಸರಕಾರ ಅಂಜಿತು. ೧೯೦೭ರ ಹೊತ್ತಿಗೆ ಹಿಂದೂಸ್ಥಾನಕ್ಕೂ ಸುಡಾನಿಗೂ ಆ ಅಳತೆಯ ರೈಫಲ್ಲು ತೋಟೆಗಳ ಆಮದು ನಿಷಿದ್ಧವಾಯಿತು.

ತಯಾರಕರು ಬಹುಬೇಗ ಉಪಾಯ ಕಂಡುಕೊಂಡರು. ಗುಂಡಿನ ಅಗಲವನ್ನು ಕೂದಲಷ್ಟು ಹೆಚ್ಚಿಸಿದರೆ ಶಾಸನ ತಾಗದು! ಹಾಲೆಂಡ್ ಅಂಡ್ ಹಾಲೆಂಡಿನವರು ೪೬೫ನ್ನೂ, ಲ್ಯಾಂಗ್ ಕಂಪೆನಿಯವರು ೪೭೦ನ್ನೂ, ಜೆಫ್ರಿಯವರು ೪೭೫ನ್ನೂ ಮುಂದಿಟ್ಟರು. ಮೃಗಕ್ಕೆ ಇವುಗಳಲ್ಲಿ ಭೇದವೇನೂ ತೋರದು. ವರ್ತಕನಿಗೆ ಮಾತ್ರ ಭೇದ ಬಹಳ. ಒಂದರ ತೋಟೆ ಇನ್ನೊಂದಕ್ಕೆ ಹಿಡಿಯದು. ಒಂದು ಬಗೆ ಸಾಕಾಗಿದ್ದ ಕಪಾಟಿನಲ್ಲಿ ಈಗ ನಾಲ್ಕೈದು ಬಗೆಗಳನ್ನು ಹಣ ಹೂಡಿ ತುಂಬಿಸಬೇಕು, ಯಾವುದು ನಿಲ್ಲುವುದೋ ಯಾವುದು ಬೀಳುವುದೋ ಎಂದು ಕಾಯಬೇಕು. ಹಾಲೆಂಡಿನವರು ತಮ್ಮ ಅಳತೆಯನ್ನು ತಮಗೇ ಮೀಸಲಾಗಿಟ್ಟುಕೊಂಡರು. ೪೭೦ರ ಅಳತೆಯನ್ನು ಯಾರು ಬೇಕಾದರೂ ಬಳಸಬಹುದಾಗಿದ್ದುದರಿಂದ ಕಡೆಗೆ ಅದೇ ಹೆಚ್ಚು ಹರಡಿತು. ಸರಕಾರದ ಅಂಜಿಕೆ ಬರಿಯ ಭ್ರಮೆಯೆಂದು ಹೇಳುವಂತಿಲ್ಲ. ೧೯೧೪ರ ಆಗಸ್ಟ್ ೨೬ರಂದು ಬಂಗಾಳದ ಕ್ರಾಂತಿಕಾರರು ರಾಡ್ಡಾ ಕಂಪೆನಿಗೆ ಬಂದಿದ್ದ ೫೦ ಮೌಸರ್ ಪಿಸ್ತೂಲುಗಳನ್ನೂ ೪೬,೦೦೦ ತೋಟೆಗಳನ್ನೂ ಹಾಡುಹಗಲೇ ಸಾಗಿಸಿಬಿಟ್ಟರು.

ಬೆಂಗಳೂರಿನ ಬೇಟೆಗಾರನೂ ಲೇಖಕನೂ ಆದ ಕೆನೆತ್ ಆಂಡರ್ಸನ್ ನೆಚ್ಚಿದ್ದುದು ಅಮೆರಿಕದ ವಿಂಚೆಸ್ಟರ್ ಕಂಪೆನಿಯ ೧೮೯೫ರ ಮಾದರಿಯ, ೪೦೫ ಅಳತೆಯ ರೈಫಲ್ಲನ್ನು. ಆ ಮಾದರಿಯ ತಯಾರಿಕೆ ೧೯೩೦ರ ದಶಕದಲ್ಲಿ ನಿಂತಿತು. ಕೆಲವು ವರ್ಷಗಳ ಮೇಲೆ ತೋಟೆಗಳೂ ನಿಂತವು. ಸಾಗರದಾಚೆಯ ಕಾರ್ಖಾನೆಯೊಂದು ಕೈಬಿಟ್ಟ ತೋಟೆಯನ್ನು ಇಲ್ಲಿನ ವರ್ತಕ ಎಲ್ಲಿಂದ ತಂದಾನು? ರೈಫಲ್ಲು ಗಟ್ಟಿಯಾಗಿದ್ದರೂ ಗೋಡೆಯ ಅಲಂಕಾರವಾಗಬೇಕಾದುದೇ. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಬಂದ ಮೇಲಂತೂ ಬೇಟೆಯ ಗಿರಾಕಿಯೇ ಇಲ್ಲವಾದನು. ಕಾಡಿನ ದೃಷ್ಟಿಯಿಂದ ಅದು ಆಗಬೇಕಾಗಿದ್ದ ಕೆಲಸ.

ಬರ್ಮಿಂಗ್‌ಹ್ಯಾಮಿನ ಕೋವಿಯವರ ಕೇರಿಯ ಬಹುಭಾಗವು ೧೯೬೦ರ ದಶಕದಲ್ಲಿ ಹೊಸ ವರ್ತುಲರಸ್ತೆಗಾಗಿ ನೆಲಸಮವಾಯಿತು. ವೆಬ್ಲಿ ಅಂಡ್ ಸ್ಕಾಟಿನವರು ೧೯೭೯ರಲ್ಲಿ ಬೇಟೆಗೋವಿಗಳ ತಯಾರಿಕೆಯನ್ನು ನಿಲ್ಲಿಸಿದರು. ಪರೀಕ್ಷಾಗೃಹ ಮಾತ್ರ ಉಳಿದಿದೆ. ಹಳೆಯ ಜೋಡುನಳಿಗೆಯ ಕೋವಿಯೊಂದು ಕೈಗೆ ಬಂದಾಗ ನಳಿಗೆಗಳನ್ನು ಹಿಡಿಯಿಂದ ಬಿಡಿಸಿ ಮಗುಚಿ ನೋಡಿದರೆ, ಅಡಿಭಾಗದಲ್ಲಿ ಕಿರೀಟದ ಕೆಳಗೆ ಬಿ.ಪಿ., ಬಿ.ವಿ. ಎಂಬ ಅಕ್ಷರಗಳ ಸಣ್ಣ ಮುದ್ರೆಗಳು ಅನೇಕ ವೇಳೆ ಕಾಣಸಿಗುತ್ತವೆ. ಅವು ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹವು ೧೯೦೪ರಿಂದೀಚೆಗೆ ಒತ್ತಿದ ಗುರುತುಗಳು. ಮೇಲ್ಗಡೆಯ ಪಟ್ಟಿಯಲ್ಲಿ ಯಾವ ಊರಿನ ಯಾವ ಅಂಗಡಿಯ ಹೆಸರಾದರೂ ಇದ್ದೀತು.