ಕಲ್ಪತರು ನಾಡಿನ ಕರಟ ಮತ್ತು ಅನರ್ಥದಂಡ ವ್ರತ

ಭೋಗಭೂಮಿಯ ಕಾಲದಲ್ಲಿ ಮಾನವನು ದುಡಿಯಬೇಕಾಗಿರಲಿಲ್ಲವೆಂದು ಜೈನ ಪುರಾಣಗಳು ಹೇಳುತ್ತವೆ. ಹತ್ತು ಬಗೆಯ ಕಲ್ಪವೃಕ್ಷಗಳು ಅವನ ಬೇಡಿಕೆಗಳನ್ನೆಲ್ಲ ಪೂರೈಸುತ್ತಿದ್ದವು. ಭಾಜನಾಂಗವೃಕ್ಷವು ಪಾತ್ರೆಯನ್ನೂ ವಸ್ತ್ರಾಂಗವು ಉಡುಗೆಯನ್ನೂ ಗೃಹಾಂಗವು ಮನೆಯನ್ನೂ ತೂರ್ಯಾಂಗವು ವಾದ್ಯವನ್ನೂ ಕೊಡುತ್ತಿತ್ತು. ಕಾಲಕ್ರಮದಲ್ಲಿ ಈ ವೃಕ್ಷಗಳು ಕ್ಷೀಣಿಸಿದಾಗ ದಿಕ್ಕುಗಾಣದ ಪ್ರಜೆಗಳಿಗೆ ಆದಿತೀರ್ಥಂಕರರಾದ ವೃಷಭನಾಥರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ ಮತ್ತು ಶಿಲ್ಪ ಎಂಬ ಷಟ್ಕರ್ಮಗಳನ್ನು ಉಪದೇಶಿಸಿದರು. ಈ ವೃತ್ತಾಂತವನ್ನು ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿಯೂ, ಮಹಾಕವಿ ಪಂಪನು 941ರಲ್ಲಿ ಕನ್ನಡದಲ್ಲಿಯೂ ಬರೆದರು. ಇಲ್ಲಿ ಶಿಲ್ಪವೆಂದರೆ ಕಲ್ಲಿನ ಕೆತ್ತನೆ ಮಾತ್ರವಲ್ಲ. ಕೈಯಿಂದ ವಸ್ತುವಿಗೆ ರೂಪ ಕೊಡುವ ಎಲ್ಲ ಕೌಶಲವೂ ಅದರಲ್ಲಿ ಅಡಗಿದೆ.

ತುಮಕೂರು ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳೇ ಈ ಹೆಸರಿಗೆ ಕಾರಣ. ಆದರೆ ಪುರಾಣದ ಕಲ್ಪವೃಕ್ಷಕ್ಕೂ ತೋಟದ ತೆಂಗಿಗೂ ಒಂದು ಮುಖ್ಯವಾದ ಭೇದವಿದೆ. ಪುರಾಣದ ಮರವು ಪಾತ್ರೆಯನ್ನೇ ಕೊಡುತ್ತಿತ್ತು. ತೆಂಗು ಕೊಡುವುದು ಕರಟವನ್ನು. ಕರಟವು ಪಾತ್ರೆಯಾಗಬೇಕಾದರೆ ಮಾನವನ ಕೈಯೂ ಕಣ್ಣೂ ಎಚ್ಚರವೂ ಬೇಕು. ಈ ಎಚ್ಚರವು ಜಾಣ್ಮೆ ಮಾತ್ರವೋ, ಶ್ರಾವಕಧರ್ಮದ ಒಂದು ಅಂಗವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಶಾಸನವಿಲ್ಲದ ಕಲೆ

ಈ ಪ್ರದೇಶದ ಕಲ್ಲಿನ ಕಲೆಗೆ ಇತಿಹಾಸವುಂಟು. ತುರುವೇಕೆರೆಯಲ್ಲಿ 13ನೆಯ ಶತಮಾನದ ಹೊಯ್ಸಳ ದೇಗುಲಗಳಿವೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತೀಶ್ವರ ಬಸದಿ ಇದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇಗುಲವು ಇವೆಲ್ಲಕ್ಕಿಂತ ಹಳೆಯದು. ಕಲ್ಲಿನಲ್ಲಿ ಮೂಡಿದ್ದು ಉಳಿಯಿತು. ಕಟ್ಟಿಸಿದವರ ಹೆಸರು ಶಾಸನಗಳಲ್ಲಿ ನಿಂತಿತು.

ಅದೇ ಊರುಗಳ ಅಡುಗೆಮನೆ, ಹಿತ್ತಿಲು, ತೋಟಗಳಲ್ಲಿ ಬೆಳೆದ ಇನ್ನೊಂದು ಕಲೆಗೆ ಶಾಸನವಿಲ್ಲ. ಕರಟದ ಎರಡು ಪಕ್ಕಗಳಲ್ಲಿ ತೂತು ಕೊರೆದು, ಬಿದಿರಿನ ಕಡ್ಡಿಯನ್ನು ತೂರಿಸಿದರೆ ಸೌಟಾಯಿತು. ಅರ್ಧ ಚಿಪ್ಪು ಉಪ್ಪಿನ ಬಟ್ಟಲಾಯಿತು. ಎರಡು ಚಿಪ್ಪುಗಳಿಗೆ ಹುರಿ ಕಟ್ಟಿ ಕೋಲಿಗೆ ತೂಗುಹಾಕಿದರೆ ಮಕ್ಕಳ ತಕ್ಕಡಿಯಾಯಿತು. ಹೆಣೆದ ಗರಿ ಮದುವೆಯ ಚಪ್ಪರಕ್ಕೆ ಹೊದಿಕೆಯಾಯಿತು. ಗರಿಯ ಕಡ್ಡಿ ಪೊರಕೆಯಾಯಿತು. ಉಳಿದ ಎಸಳಿನಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಪೀಪಿ, ಗಿರಗಿಟ್ಟಲೆ, ಹಾವು, ಕೈಗಡಿಯಾರಗಳನ್ನು ಮಾಡಿಕೊಟ್ಟರು. ಹಣ ಖರ್ಚಾಗಲಿಲ್ಲ, ಹಸಿಮರ ಕಡಿಯಬೇಕಾಗಲಿಲ್ಲ. ಬಳಸಿ ಸವೆದ ಮೇಲೆ ಒಲೆಗೋ ಗೊಬ್ಬರದ ಗುಂಡಿಗೋ ಸೇರಿತು. ಆದುದರಿಂದಲೇ ಈ ಕಲೆಯ ಮಾದರಿಗಳು ವಸ್ತುಸಂಗ್ರಹಾಲಯಗಳಲ್ಲಿ ವಿರಳ. ಕುರುಹು ಉಳಿಸದೆ ಮರೆಯಾಗುವುದು ಇತಿಹಾಸಕಾರನಿಗೆ ನಷ್ಟವಾಗಿ ಕಂಡರೂ, ಅಪರಿಗ್ರಹದ ದೃಷ್ಟಿಯಿಂದ ಅದೊಂದು ಗುಣವೇ ಸರಿ.

ಕೊಬ್ಬರಿಯ ಅಟ್ಟದಿಂದ ಅಡುಗೆಮನೆಗೆ

ತಿಪಟೂರಿನ ಮಾರುಕಟ್ಟೆ ಉಂಡೆ ಕೊಬ್ಬರಿಗೆ ದೇಶದಲ್ಲೆಲ್ಲ ಹೆಸರಾದುದು. ಬಲಿತ ಕಾಯಿಗಳನ್ನು ಮಟ್ಟೆಸಹಿತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಸದ್ದಾಗುತ್ತದೆ. ಆಮೇಲೆ ಮಟ್ಟೆ ಸುಲಿದು, ಕೊಬ್ಬರಿ ಒಡೆಯದಂತೆ ಕರಟವನ್ನು ಚೂರುಚೂರಾಗಿ ಬಿಡಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಕೊಬ್ಬರಿ ಇಡಿಯಾಗಿ ಉಳಿಯಬೇಕಾದರೆ ಕರಟ ಒಡೆಯಲೇಬೇಕು. ಆದ್ದರಿಂದ ಕೊಬ್ಬರಿಯ ವ್ಯಾಪಾರದಿಂದ ಬರುವುದು ಕರಟದ ಚೂರುಗಳ ರಾಶಿ. ಬಟ್ಟಲಿಗೂ ಸೌಟಿಗೂ ಒದಗುವ ಅರ್ಧಗೋಲದ ಚಿಪ್ಪು ಬರುವುದು ಕಾಯಿ ಒಡೆದು ತುರಿಯುವ ಅಡುಗೆಮನೆಯಿಂದ. ಕರಟದ ಪಾತ್ರೆ ಮೂಲತಃ ಗೃಹಿಣಿಯ ಶಿಲ್ಪ. ಚೂರುಗಳಿಂದ ಗುಂಡಿ, ಪದಕ, ಹಲಗೆಗೆ ಅಂಟಿಸಿದ ಚಿತ್ರಗಳಾಗುತ್ತವೆ. ಮಿಕ್ಕ ಬಹುಭಾಗ ಉರುವಲಿಗೂ ಇದ್ದಿಲಿಗೂ ಹೋಗುತ್ತದೆ.

ಕರಟದ ಇದ್ದಿಲಿಗೆ ದೊಡ್ಡದೊಂದು ಚರಿತ್ರೆಯಿದೆ. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ರಕ್ಷಿಸುವ ಮುಖವಾಡಗಳಿಗೆ ಈ ಇದ್ದಿಲು ಬಹಳ ಒಳ್ಳೆಯದೆಂದು ಕಂಡುಬಂದಿತು. ಅದು ಸಾಲದೆ ಹೋದಾಗ, 1918ರಲ್ಲಿ ಅಮೆರಿಕದ ಜನರು ಪೀಚ್ ಹಣ್ಣಿನ ಓಟೆಗಳನ್ನೂ ಇತರ ಕಾಯಿಗಳ ಚಿಪ್ಪುಗಳನ್ನೂ ಕೂಡಿಹಾಕಿ ಸರ್ಕಾರಕ್ಕೆ ಒಪ್ಪಿಸಿದರು. ಕಸವೆಂದು ಎಸೆದದ್ದು ಪ್ರಾಣರಕ್ಷಕವಾಯಿತು. ಇಂದು ಅದೇ ಬಗೆಯ ಇದ್ದಿಲು ಕುಡಿಯುವ ನೀರನ್ನು ಶುದ್ಧಗೊಳಿಸುತ್ತಿದೆ.

ಆದರೆ ಶ್ರಾವಕನು ಇಲ್ಲಿ ತುಸು ನಿಂತು ಯೋಚಿಸಬೇಕಾಗುತ್ತದೆ. ಉಪಾಸಕದಶಾ ಸೂತ್ರವೂ 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಶ್ರಾವಕನು ವರ್ಜಿಸಬೇಕಾದ ಹದಿನೈದು ಕಸುಬುಗಳನ್ನು ಹೆಸರಿಸಿವೆ. ಅವುಗಳಲ್ಲಿ ಮೊದಲನೆಯದೇ ಅಂಗಾರಕರ್ಮ, ಎಂದರೆ ಇದ್ದಿಲು ಸುಡುವ ವೃತ್ತಿ. ಅಗ್ನಿಯಿಂದಾಗುವ ಜೀವಹಿಂಸೆಯೇ ಈ ನಿಷೇಧದ ತಿರುಳು. ಒಣ ಕರಟವನ್ನು ಸುಡುವುದು ಹಸಿಮರ ಕಡಿದು ಸುಡುವುದಕ್ಕಿಂತ ಅಲ್ಪಹಿಂಸೆಯಾದರೂ, ಹಿಂಸೆಯೇ ಇಲ್ಲವೆನ್ನುವಂತಿಲ್ಲ. ಹಾಗಿರುವಾಗ ಸುಡದೆ, ಕೊರೆದು ಉಜ್ಜಿ ರೂಪಿಸುವ ಕುಶಲಕರ್ಮವು ಮೇಲಿನ ಮೆಟ್ಟಿಲಾಗಿ ನಿಲ್ಲುತ್ತದೆ. ಅದೇ ಪಟ್ಟಿಯಲ್ಲಿ ಲಾಕ್ಷಾವಾಣಿಜ್ಯ, ಎಂದರೆ ಅರಗಿನ ವ್ಯಾಪಾರವೂ ಇದೆ. ಅರಗು ಕೀಟಗಳಿಂದ ಬರುವ ವಸ್ತು. ಅದನ್ನು ತೆಗೆಯುವಾಗ ಅಸಂಖ್ಯ ಕೀಟಗಳು ಸಾಯುತ್ತವೆ. ಕರಟದ ನಾರು ಹೆರೆದು, ಮರಳುಕಾಗದದಿಂದ ನಯಗೊಳಿಸಿ, ತೆಂಗಿನೆಣ್ಣೆ ಸವರಿ ಬಟ್ಟೆಯಿಂದ ತಿಕ್ಕಿದರೆ ಸಾಕಷ್ಟು ಹೊಳಪು ಬರುತ್ತದೆ. ಅರಗಿನ ಮೆರುಗು ಅನಿವಾರ್ಯವಲ್ಲ.

ಪ್ರಮಾದಚರ್ಯೆ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿವರಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಇವೆಲ್ಲ ಪ್ರಮಾದಚರ್ಯೆಯೆನಿಸುತ್ತವೆ. ಗೃಹಸ್ಥನು ಸಂಪೂರ್ಣ ಅಹಿಂಸಕನಾಗಲಾರ. ಬದುಕಿಗೆ ಬೇಕಾದಷ್ಟು ಆರಂಭ ಅವನಿಗೆ ತಪ್ಪದು. ಆದರೆ ಬೇಡವಾದ ಹಿಂಸೆಯನ್ನು ಅವನು ತಪ್ಪಿಸಬಲ್ಲ. ಇದೇ ಈ ವ್ರತದ ಆಶಯ.

ತೆಂಗಿನ ನಾಡಿನಲ್ಲಿ ಇದಕ್ಕೆ ಕಣ್ಣೆದುರಿನ ನಿದರ್ಶನವಿದೆ. ಹಿತ್ತಿಲಿನಲ್ಲಿ ಅಂಗಾತವಾಗಿ ಬಿದ್ದ ಚಿಪ್ಪಿನಲ್ಲಿ ಮಳೆನೀರು ನಿಲ್ಲುತ್ತದೆ. ಡೆಂಗಿ ಜ್ವರ ಹರಡುವ ಸೊಳ್ಳೆ ಇಂತಹ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಕೆಲವೇ ದಿನಗಳಲ್ಲಿ ಮರಿಗಳಾಗುತ್ತವೆ. ಮನೆಯವರಿಗೆ ರೋಗಭಯ ಹುಟ್ಟುತ್ತದೆ. ಔಷಧ ಸಿಂಪಡಿಸಿ ಸಾವಿರಾರು ಜೀವಿಗಳನ್ನು ಕೊಲ್ಲುವ ಪ್ರಸಂಗ ಬರುತ್ತದೆ. ಈ ಹಿಂಸೆಯ ಬೀಜವು ಔಷಧದಲ್ಲಿಲ್ಲ, ಚಿಪ್ಪನ್ನು ಎಸೆದ ಅಜಾಗರೂಕತೆಯಲ್ಲಿದೆ. ಚಿಪ್ಪನ್ನು ಬೋರಲು ಹಾಕಿದ ಕೈಯೂ, ಅದನ್ನು ಬಟ್ಟಲಾಗಿಸಿದ ಕೈಯೂ ವ್ರತವನ್ನು ಪಾಲಿಸಿದ ಕೈಗಳೇ.

ಮಟ್ಟೆಯ ವಿಷಯವೂ ಹೀಗೆಯೇ. ಕೇರಳದಲ್ಲಿ ಹಸಿಮಟ್ಟೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ಬಿಳಿನಾರು ತೆಗೆಯುವ ಪದ್ಧತಿ ಬೆಳೆದುಬಂದಿತು. ಅದರಿಂದ ನೀರು ಕೆಟ್ಟು ಮೀನು ಮೊದಲಾದ ಜಲಚರಗಳಿಗೆ ಹಾನಿಯಾಗುತ್ತದೆ. ತುಮಕೂರು ಕಡೆಯ ಒಣಮಟ್ಟೆಯಿಂದ ಯಂತ್ರದ ಮೂಲಕ ಕಂದುನಾರು ತೆಗೆಯುವುದರಿಂದ ಆ ದೋಷವಿಲ್ಲ. ಆದರೆ ಮಟ್ಟೆಯ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಪುಡಿಯಾಗಿ ಉಳಿದು ದಾರಿಬದಿಯಲ್ಲಿ ಗುಡ್ಡೆ ಬೀಳುತ್ತದೆ. 1953ರ ಕಾಯಿದೆಯಂತೆ ಸ್ಥಾಪಿತವಾದ ತೆಂಗಿನ ನಾರಿನ ಮಂಡಳಿಯ ಸಂಶೋಧಕರು ಅಣಬೆಯ ಸಹಾಯದಿಂದ ಈ ಪುಡಿಯನ್ನು ಸುಮಾರು ಒಂದು ತಿಂಗಳಿನಲ್ಲಿ ಗೊಬ್ಬರವಾಗಿಸುವ ವಿಧಾನವನ್ನು ರೂಪಿಸಿದ್ದಾರೆ. ಒಂದು ವಸ್ತುವನ್ನು ಉಳಿಸಿ ಇನ್ನೊಂದನ್ನು ಎಸೆದರೆ ವ್ರತವು ಅರ್ಧವಾಗುತ್ತದೆ. ಕೊನೆಯ ಪುಡಿಯವರೆಗೆ ಲೆಕ್ಕವಿಟ್ಟರೆ ಪೂರ್ಣವಾಗುತ್ತದೆ.

ಮುನಿಯ ಕೈಯ ಕಮಂಡಲು

ಬಿಸುಟ ವಸ್ತುವಿಗೆ ಜೈನ ಪರಂಪರೆ ಕೊಟ್ಟ ಗೌರವವು ಮುನಿಗಳ ಉಪಕರಣಗಳಲ್ಲಿಯೇ ಕಾಣುತ್ತದೆ. ದಿಗಂಬರ ಮುನಿಗೆ ಇರುವ ಉಪಕರಣಗಳು ಮೂರು. ಸಂಯಮೋಪಕರಣವಾದ ಪಿಂಛಿಯನ್ನು ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಕಟ್ಟುತ್ತಾರೆ. ಶೌಚೋಪಕರಣವಾದ ಕಮಂಡಲುವನ್ನು ಮರದಿಂದಲೋ ತೆಂಗಿನ ಕರಟದಿಂದಲೋ ಮಾಡುತ್ತಾರೆ. ಜ್ಞಾನೋಪಕರಣವಾದ ಶಾಸ್ತ್ರವು ಶತಮಾನಗಳ ಕಾಲ ಒಣಗಿದ ತಾಳೆಯ ಓಲೆಯ ಮೇಲೆ ಉಳಿದು ಬಂದಿತು. ಸರ್ವಸಂಗಪರಿತ್ಯಾಗಿಯ ಕೈಯಲ್ಲಿ ಇರುವ ಈ ವಸ್ತುಗಳಿಗಾಗಿ ಯಾವ ಪ್ರಾಣಿಯನ್ನೂ ಕೊಲ್ಲಬೇಕಾಗಿಲ್ಲ. ಇವು ಕಳ್ಳನ ಆಸೆಯನ್ನೂ ಕೆರಳಿಸುವುದಿಲ್ಲ.

ತುರುವೇಕೆರೆಯ ನೆರೆಯ ಸೀಮೆಯಾದ ಶ್ರವಣಬೆಳಗೊಳದಲ್ಲಿ ಇದೇ ತತ್ತ್ವಕ್ಕೆ ಕಥೆಯ ರೂಪವಿದೆ. ಕ್ರಿ.ಶ. 981ರ ಸುಮಾರಿನಲ್ಲಿ ಚಾವುಂಡರಾಯನು ಗೊಮ್ಮಟನಿಗೆ ಮಾಡಿಸಿದ ಮೊದಲ ಅಭಿಷೇಕದಲ್ಲಿ ಕೊಡಗಟ್ಟಲೆ ಹಾಲು ಸುರಿದರೂ ಅದು ತೊಡೆಯಿಂದ ಕೆಳಗಿಳಿಯಲಿಲ್ಲವಂತೆ. ಮುದುಕಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ತಂದ ತುಸು ಹಾಲು ಪಾದದವರೆಗೆ ಹರಿದು ಬೆಟ್ಟವನ್ನೇ ತೋಯಿಸಿತೆಂದು ಐತಿಹ್ಯ. ಗುಳ್ಳಕಾಯಜ್ಜಿಯ ವಿಗ್ರಹವು ಇಂದಿಗೂ ವಿಂಧ್ಯಗಿರಿಯಲ್ಲಿ ಗೊಮ್ಮಟನಿಗೆ ಎದುರಾಗಿ ನಿಂತಿದೆ. ಮಹಾಮಂತ್ರಿಯ ಲೋಹದ ಕೊಡಗಳಲ್ಲಿ ಗರ್ವವಿತ್ತು. ಅಜ್ಜಿಯ ಸಿಪ್ಪೆಯ ಪಾತ್ರೆಯಲ್ಲಿ ಅದಕ್ಕೆ ಎಡೆಯಿರಲಿಲ್ಲ.

ಬಸದಿಗಳ ಹೊಣೆ

ಈ ವಿಚಾರಗಳಿಂದ ಆಡಳಿತ ಮಂಡಳಿಗಳಿಗೆ ಕೆಲವು ಕರ್ತವ್ಯಗಳು ಒದಗುತ್ತವೆ. ಪಂಚಕಲ್ಯಾಣದ ಮಂಟಪಗಳಿಗೆ ಥರ್ಮೋಕೋಲ್ ಮತ್ತು ಪ್ಲಾಸ್ಟಿಕ್ ಹೂವಿನ ಅಲಂಕಾರ ಸುಲಭವೆನಿಸಬಹುದು. ಉತ್ಸವ ಮುಗಿದ ಮರುದಿನ ಅದು ಕರಗದ ಕಸವಾಗುತ್ತದೆ, ದನಕರುಗಳ ಹೊಟ್ಟೆ ಸೇರುತ್ತದೆ. ಉದುರಿದ ಒಣಗರಿಯ ಚಪ್ಪರ, ನಾರಿನ ತೋರಣ, ಕರಟದ ಹಣತೆಗೂಡುಗಳಿಗೆ ಆ ದೋಷವಿಲ್ಲ. ಪಾಠಶಾಲೆಯ ಮಕ್ಕಳಿಗೆ ಇವುಗಳನ್ನು ಮಾಡಲು ಕಲಿಸಿದರೆ ವ್ರತದ ಪಾಠವು ಬಾಯಿಪಾಠವಾಗಿ ಉಳಿಯದೆ ಕೈಪಾಠವಾಗುತ್ತದೆ. ಭಗವಂತನಿಗೆ ಅರ್ಪಿಸಿದ ದ್ರವ್ಯವು ನಿರ್ಮಾಲ್ಯವಾದುದರಿಂದ ಅದನ್ನು ಸ್ವಂತ ಉಪಯೋಗಕ್ಕೆ ತೆಗೆದುಕೊಳ್ಳುವುದು ಶ್ರಾವಕರಿಗೆ ಸಲ್ಲದು. ಆದ್ದರಿಂದ ಈ ಕೆಲಸಕ್ಕೆ ಭೋಜನಶಾಲೆಯ ಮತ್ತು ಮನೆಗಳ ಚಿಪ್ಪನ್ನು ಬಳಸುವುದು ಯುಕ್ತ.

ಇನ್ನೊಂದು ಎಚ್ಚರವೂ ಅವಶ್ಯಕ. ಕಸದಿಂದ ಮಾಡಿದ್ದೆಂಬ ಮಾತ್ರಕ್ಕೆ ವಸ್ತುವು ಪವಿತ್ರವಾಗುವುದಿಲ್ಲ. ಬಳಕೆಯಿಲ್ಲದ ಅಲಂಕಾರಗಳಿಂದ ಕಪಾಟು ತುಂಬಿದರೆ ಅದೂ ಪರಿಗ್ರಹವೇ. ಮಾಡಿದ ಸೌಟು ಅನ್ನ ಬಡಿಸಬೇಕು. ಮಾಡಿದ ಬಟ್ಟಲು ಹಕ್ಕಿಗಳಿಗೆ ನೀರಿಡಲಾದರೂ ಒದಗಬೇಕು. ಆ ನೀರನ್ನು ದಿನವೂ ಬದಲಾಯಿಸುವ ನೆನಪೂ ಇರಬೇಕು.

ಭೋಗಭೂಮಿಯ ಕಲ್ಪವೃಕ್ಷಗಳು ಮರಳಿ ಬರುವುದಿಲ್ಲ. ಕರ್ಮಭೂಮಿಯಲ್ಲಿ ಮರವು ತನ್ನ ಪಾಲನ್ನಷ್ಟೇ ಕೊಡುತ್ತದೆ. ಉಳಿದ ಪಾಲು ಮಾನವನದು. ತಿಪಟೂರು ಸೀಮೆಯ ಅಜ್ಜಿಯರು ಶಾಸ್ತ್ರದ ಹೆಸರು ಹೇಳದೆಯೇ ತಮ್ಮ ಪಾಲನ್ನು ಸಲ್ಲಿಸಿದರು. ಶಾಸ್ತ್ರವನ್ನು ಬಲ್ಲ ಶ್ರಾವಕ ಶ್ರಾವಿಕೆಯರು ನಾಳೆ ಕಾಯಿ ಒಡೆದಾಗ ಚಿಪ್ಪನ್ನು ಹಿತ್ತಿಲಿಗೆ ಎಸೆಯುವ ಮುನ್ನ ಒಂದು ಕ್ಷಣ ಕೈ ತಡೆದರೆ, ಅನರ್ಥದಂಡ ವ್ರತದ ಪಾಲನೆ ಅಲ್ಲಿಂದಲೇ ಆರಂಭವಾಗುತ್ತದೆ.