ಮಗ್ಗ ಬಿಟ್ಟವರಿಗೆ ಯಾರು ದಿಕ್ಕು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದೊಡನೆ ನೇತ್ರಾವತಿಯ ನೆರೆ, ಧರ್ಮಸ್ಥಳದ ದಾರಿ, ಸಾವಿರ ಕಂಬದ ಬಸದಿ ನೆನಪಾಗುತ್ತವೆಯೇ ಹೊರತು ಮಗ್ಗದ ಸದ್ದು ಯಾರಿಗೂ ನೆನಪಾಗುವುದಿಲ್ಲ. ಆದರೆ ತುಳುನಾಡಿನಲ್ಲಿ ನೇಯ್ಗೆಯನ್ನೇ ಕುಲಕಸುಬಾಗಿ ಉಳ್ಳ ಪದ್ಮಶಾಲಿ ಮನೆತನಗಳು ಬಹುಕಾಲದಿಂದ ಇವೆ. ನಾನು ಪಾಠ ಹೇಳಿದ ಮಕ್ಕಳಲ್ಲಿ ಶೆಟ್ಟಿಗಾರ್ ಎಂಬ ಕುಲನಾಮದವರು ಹಲವರಿದ್ದರು. ಅವರಲ್ಲಿ ಲಾಳಿ ಹಿಡಿಯಬಲ್ಲವರು ಮಾತ್ರ ಒಬ್ಬರೂ ಇರಲಿಲ್ಲ. ಈ ಕಸುಬು ಕೈತಪ್ಪಿದ್ದು ಹೇಗೆ, ಆಗ ಸರಕಾರ ಮಾಡಿದ್ದೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತಿದ್ದೇನೆ.

ಮಳೆ ಅತಿಯಾದ ನಮ್ಮ ಕರಾವಳಿ ಹತ್ತಿಗೆ ಹೇಳಿದ ನೆಲವಲ್ಲ. ನೇಕಾರನಿಗೆ ನೂಲು ಹೊರಗಿನಿಂದಲೇ ಬರಬೇಕಿತ್ತು. ಮಂಗಳೂರು ಬಂದರಿನಿಂದ ದೋಣಿಗಳು ನೇತ್ರಾವತಿಯಲ್ಲಿ ಬಂಟ್ವಾಳದವರೆಗೆ ಸರಕು ತರುತ್ತಿದ್ದವು. ಅಲ್ಲಿಂದ ಅದು ಘಟ್ಟದ ಕಡೆಗೂ ಸಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಿರಣಿಗಳ ನೂಲೂ ಬಟ್ಟೆಯೂ ಈ ದೇಶದ ಬಂದರುಗಳನ್ನು ತುಂಬಿದವು. ವಿದೇಶಿ ನೂಲು ನೇಕಾರನಿಗೆ ಆಸರೆಯಾದರೆ, ವಿದೇಶಿ ಬಟ್ಟೆ ಅವನ ಗಿರಾಕಿಯನ್ನೇ ಕಸಿಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ನೇಯ್ಗೆಯ ಕಾರ್ಖಾನೆ ನಡೆಸಿ ಹಲವರಿಗೆ ಅನ್ನ ಕೊಟ್ಟರು. ಆದರೆ ಹಳ್ಳಿಯ ಗುಂಡಿಮಗ್ಗಕ್ಕೆ ಅದರಿಂದ ರಕ್ಷಣೆ ದೊರೆಯಲಿಲ್ಲ.

ಸರಕಾರದ ನೆರವಿನ ಕಥೆ ಆರಂಭವಾಗುವುದು 1930ರ ದಶಕದಲ್ಲಿ. ಆಗ ಜಪಾನಿನ ಅಗ್ಗದ ಬಟ್ಟೆ ದೇಶದ ಪೇಟೆಗಳಿಗೆ ನುಗ್ಗಿತು. ಬ್ರಿಟಿಷೇತರ ಬಟ್ಟೆಯ ಮೇಲಿನ ಆಮದು ಸುಂಕವನ್ನು 1932ರಲ್ಲಿ ಶೇಕಡಾ 50ಕ್ಕೂ 1933ರಲ್ಲಿ ಶೇಕಡಾ 75ಕ್ಕೂ ಏರಿಸಲಾಯಿತು. ಆಮದಾಗುವ ನೂಲಿನ ಮೇಲೂ ಸುಂಕವಿತ್ತು. ಇದರಿಂದ ಗಿರಣಿಗಳಿಗೆ ರಕ್ಷಣೆ ದೊರೆತರೂ ಕೈಮಗ್ಗದವನಿಗೆ ನೂಲು ತುಟ್ಟಿಯಾಯಿತು. ಈ ಹಾನಿಯನ್ನು ತುಂಬಿಕೊಡಲೆಂದು ಭಾರತ ಸರಕಾರ 1934ರಿಂದ ಪ್ರಾಂತಗಳಿಗೆ ಕೈಮಗ್ಗದ ಸಲುವಾಗಿ ಸಹಾಯಧನ ಕೊಡತೊಡಗಿತು. ದಕ್ಷಿಣ ಕನ್ನಡವು ಆಗ ಮದ್ರಾಸು ಪ್ರಾಂತಕ್ಕೆ ಸೇರಿತ್ತು. 1935ರಲ್ಲಿ ಮದ್ರಾಸಿನಲ್ಲಿ ಪ್ರಾಂತೀಯ ನೇಕಾರರ ಸಹಕಾರ ಸಂಘ ಹುಟ್ಟಿತು. ಇಂದಿನ ಕೋ-ಆಪ್ಟೆಕ್ಸ್ ಅದೇ. ನೂಲು ಒದಗಿಸುವುದು, ನೇಯ್ದ ಬಟ್ಟೆಯನ್ನು ಮಾರಿಕೊಡುವುದು ಅದರ ಕೆಲಸ. ಕ್ರಮವೇನೋ ಒಳ್ಳೆಯದೇ. ಆದರೆ ಸಂಘದ ಸದಸ್ಯನಲ್ಲದವನಿಗೆ, ಸಾಹುಕಾರನ ಸಾಲದಲ್ಲಿ ಸಿಲುಕಿ ಅವನ ನೂಲನ್ನೇ ನೇಯುವವನಿಗೆ ಇದರ ಪ್ರಯೋಜನ ಮುಟ್ಟುವುದು ಕಷ್ಟವಿತ್ತು.

ಸ್ವಾತಂತ್ರ್ಯಾನಂತರವೂ ದಾರಿ ಬದಲಾಗಲಿಲ್ಲ. 1952ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿ ಸ್ಥಾಪನೆಯಾಯಿತು (2020ರಲ್ಲಿ ಅದನ್ನು ರದ್ದುಗೊಳಿಸಲಾಯಿತು). 1953ರಲ್ಲಿ ಗಿರಣಿ ಬಟ್ಟೆಯ ಮೇಲೆ ಹೆಚ್ಚುವರಿ ಸುಂಕ ವಿಧಿಸಿ, ಆ ಹಣವನ್ನು ಖಾದಿ ಮತ್ತು ಕೈಮಗ್ಗಕ್ಕೆ ಮೀಸಲಿಡುವ ಕಾಯಿದೆ ಬಂತು. 1985ರ ಕಾಯಿದೆ ಸೀರೆ, ಧೋತಿ, ಬೈರಾಸು, ಲುಂಗಿ ಮುಂತಾದವನ್ನು ಕೈಮಗ್ಗಕ್ಕೇ ಕಾದಿರಿಸಿತು. ಮೊದಲು 22 ಬಗೆಗಳಿದ್ದ ಆ ಪಟ್ಟಿ ಬಳಿಕ 11ಕ್ಕೆ ಇಳಿಯಿತು. ಕಾಯಿದೆ ಪುಸ್ತಕದಲ್ಲಿ ಉಳಿಯಿತು. ವಿದ್ಯುತ್ ಮಗ್ಗದ ಅಗ್ಗದ ಸೀರೆ ಪೇಟೆಯಲ್ಲಿ ಉಳಿಯಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ನೆರವೆಲ್ಲವೂ ಮಗ್ಗಕ್ಕೆ, ನೂಲಿಗೆ, ಸಂಘಕ್ಕೆ. ಮಗ್ಗವನ್ನು ಬಿಟ್ಟೇ ತೀರಬೇಕಾದವನಿಗೆ ಏನೂ ಇರಲಿಲ್ಲ. ಮುಚ್ಚಿದ ಬಟ್ಟೆ ಗಿರಣಿಗಳ ಕಾರ್ಮಿಕರಿಗಾಗಿ 1986ರಲ್ಲಿ ಕೇಂದ್ರ ಸರಕಾರ ಪುನರ್ವಸತಿ ನಿಧಿಯೊಂದನ್ನು ತೆರೆಯಿತು: ಮೊದಲ ವರ್ಷ ಸಂಬಳದ ಶೇಕಡಾ 75, ಎರಡನೆಯ ವರ್ಷ 50, ಮೂರನೆಯ ವರ್ಷ 25. ಅಮೆರಿಕದಲ್ಲಿ 1962ರಷ್ಟು ಹಿಂದೆಯೇ, ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ಭತ್ಯೆ ಕೊಟ್ಟು ಬೇರೆ ಕೆಲಸ ಕಲಿಸುವ ಕಾನೂನು ಆಗಿತ್ತು. 2022ರ ಜುಲೈಯಿಂದ ಅಲ್ಲಿಯೂ ಹೊಸಬರಿಗೆ ಆ ಸೌಲಭ್ಯ ನಿಂತಿದೆ. ಗಿರಣಿಯ ಕಾರ್ಮಿಕನಿಗೆ ಹಾಜರಿ ಪುಸ್ತಕವಿತ್ತು, ಸಂಬಳದ ಚೀಟಿಯಿತ್ತು. ಮನೆಯ ಜಗಲಿಯಲ್ಲಿ ನೇಯುತ್ತಿದ್ದವನು ಕೆಲಸ ಕಳೆದುಕೊಂಡನೆಂದು ಯಾವ ದಾಖಲೆ ಹೇಳಬೇಕು? ಅವನ ಮಗ್ಗ ನಿಂತ ದಿನವನ್ನು ಯಾವ ಕಚೇರಿಯೂ ಬರೆದಿಡಲಿಲ್ಲ.

ಹಾಗಾಗಿ ನಮ್ಮವರು ತಮ್ಮ ದಾರಿ ತಾವೇ ಕಂಡುಕೊಂಡರು. ಗಂಡಸರು ಮುಂಬಯಿಗೆ ಹೋದರು, ಅಂಗಡಿ ಹೋಟೆಲುಗಳನ್ನು ಸೇರಿದರು. ಹೆಂಗಸರು ಬೀಡಿಯ ಸೂಪು ಮಡಿಲಲ್ಲಿಟ್ಟುಕೊಂಡರು. ಬೀಡಿಗೆ ವಾರವಾರ ಕಾಸು ಬರುತ್ತಿತ್ತು. ಸೀರೆ ಮಾರಾಟವಾಗುವವರೆಗೆ ಕಾಯುವ ಚೈತನ್ಯ ಯಾವ ಮನೆಯಲ್ಲಿತ್ತು? ಆ ಬೀಡಿಯ ದುಡ್ಡಿನಿಂದಲೇ ಶಾಲೆಯ ಫೀಸು ಕಟ್ಟಿದವರು ನಿಮ್ಮಲ್ಲೇ ಹಲವರಿದ್ದೀರಿ. ನಿಜವಾದ ಪುನರ್ವಸತಿ ಮಾಡಿದವರು ಆ ತಾಯಂದಿರು.

ಸಂತೋಷದ ಸಂಗತಿಯೂ ಇದೆ. ಮೂಡುಬಿದಿರೆಗೆ ಸಮೀಪದ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಂಘವು ಉಡುಪಿ ಸೀರೆಯನ್ನು ಉಳಿಸಿಕೊಂಡಿತು. 2016ರಲ್ಲಿ ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2018ರಿಂದ ಕದಿಕೆ ಟ್ರಸ್ಟ್ ಅಲ್ಲಿ ಹೊಸಬರಿಗೆ ನೇಯ್ಗೆ ಕಲಿಸುವ ಕಾರ್ಯಕ್ಕೆ ಕೈಜೋಡಿಸಿತು. ರಾಜ್ಯ ಸರಕಾರ 2020ರಲ್ಲಿ ನೇಕಾರ ಸಮ್ಮಾನ್ ಯೋಜನೆಯ ಮೂಲಕ ಕೈಮಗ್ಗ ನೇಕಾರರ ಖಾತೆಗೆ ನೇರವಾಗಿ ವರ್ಷಕ್ಕೆ 2,000 ರೂಪಾಯಿ ಹಾಕಲಾರಂಭಿಸಿತು. ಹಣ ಅಲ್ಪವಾದರೂ ಸಂಘವನ್ನು ದಾಟಿ ವ್ಯಕ್ತಿಯನ್ನು ಗುರುತಿಸಿತೆಂಬುದು ಮುಖ್ಯ. ಆದರೆ ಇದೂ ಮಗ್ಗದಲ್ಲಿ ಉಳಿದವರಿಗೇ.

ನಿಮ್ಮ ಮನೆಯಲ್ಲಿ ಮಗ್ಗವಿತ್ತೇ? ಅದು ಯಾವ ವರ್ಷ ನಿಂತಿತು, ಅಜ್ಜ ಆಮೇಲೆ ಏನು ಮಾಡಿದರು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಕಚೇರಿಯವರು ಬರೆಯದ ದಾಖಲೆಯನ್ನು ಮನೆಯವರಾದರೂ ಬರೆಯಬೇಕಲ್ಲವೇ?